ಎರಡು ಗೆರೆ

ಮಾರ್ಚ್ 3, ಸೋಮವಾರ

ದಿನಾ ಜ್ವರ ಎಷ್ಟು, ಗಾಯದ ಪಟ್ಟಿ ಎಷ್ಟು ನೆನೆಯಿತು ಎಂದು ಬರೆದಿಡಲು ನರ್ಸಮ್ಮ ಈ ನೋಟ್‌ಬುಕ್ ಕೊಟ್ಟಿದ್ದಾರೆ. ಮುಂದಿನ ಹಾಳೆಗಳು ಅವರಿಗೆ. ಹಿಂದಿನಿಂದ ತಿರುಗಿಸಿದರೆ ನನಗೆ. ಮಲಗಿ ಮಲಗಿ ತಲೆ ಕೆಟ್ಟುಹೋಗಿದೆ, ಕೈಗೆ ಏನಾದರೂ ಕೆಲಸ ಬೇಕು.

ಗರ್ಭಕೋಶ ತೆಗೆಸಿಕೊಂಡು ಇಂದಿಗೆ ಹನ್ನೊಂದು ದಿನ. ಅದರ ತುಂಬ ಗಡ್ಡೆಗಳಿದ್ದವು. ಆರನೆಯ ದಿನ ಮನೆಗೆ ಕಳಿಸಿದರು. ಕಳೆದ ಶುಕ್ರವಾರ ಹೊಲಿಗೆ ಬಿಚ್ಚಿ, "ಗಾಯ ಲಕ್ಷಣವಾಗಿದೆ" ಅಂದರು ಡಾಕ್ಟರಮ್ಮ. ನಿನ್ನೆ ಭಾನುವಾರ ಅದೇ ಲಕ್ಷಣವಾದ ಗಾಯ ಬಾಯಿ ಬಿಟ್ಟಿತು.

ಅತ್ತೆ ಕತೆ ಹೇಳುತ್ತಿದ್ದರು. ನಮ್ಮ ಅತ್ತೆಗೆ ವಯಸ್ಸು ಎಪ್ಪತ್ತೊಂದು, ಬಾಯಿಗೆ ಹದಿನೆಂಟು. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದ ಮಾತು ದೀಪ ಆರಿಸಿದ ಮೇಲೂ ನಿಲ್ಲುವುದಿಲ್ಲ. ನಮ್ಮದು ಇಸ್ತ್ರಿ ಅಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ಬಟ್ಟೆ ಕೊಡಲು ಬಂದವರು ಅತ್ತೆಯ ಕೈಗೆ ಸಿಕ್ಕಿದರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಒಂದೇ ಒಂದು ದಿನ ಈ ಮನೆ ಸದ್ದಿಲ್ಲದೆ ಇರಲಪ್ಪಾ ದೇವರೇ ಎಂದು ನಾನು ಬೇಡಿಕೊಂಡದ್ದೂ ಉಂಟು.

ನಿನ್ನೆಯ ಕತೆ ನಮ್ಮವರು ಹುಟ್ಟಿದ ದಿನದ್ದು. ಆಗ ಅಂಗಡಿ ನಮ್ಮ ಮಾವನದು. ಸುದ್ದಿ ಬಂದ ಕೂಡಲೇ ಇಸ್ತ್ರಿ ಪೆಟ್ಟಿಗೆ ಇಟ್ಟು ಆಸ್ಪತ್ರೆಗೆ ಓಡಿದರಂತೆ. ವಾರ್ಡಿನಲ್ಲಿ ಸಾಲು ಮಂಚ, ಎಲ್ಲರಿಗೂ ಒಂದೇ ಬಣ್ಣದ ಹೊದಿಕೆ. ತಲೆತನಕ ಹೊದ್ದು ಗೋಡೆ ಕಡೆ ತಿರುಗಿ ಮಲಗಿದ್ದ ಯಾರೋ ಹೆಂಗಸನ್ನು ತನ್ನ ಹೆಂಡತಿ ಅಂದುಕೊಂಡು ಪಕ್ಕದಲ್ಲಿ ಕೂತು ಅಳಲು ಶುರು ಮಾಡಿದರಂತೆ.

"ಜನ್ಮದಲ್ಲಿ ಒಂದು ಮೆತ್ತನೆ ಮಾತು ಆಡಿದ ಗಂಡಸಲ್ಲ," ಅಂದರು ಅತ್ತೆ. ಆಮೇಲೆ ಮಾವನ ಗಂಟಲನ್ನೇ ತಂದುಕೊಂಡು, ಮೂಗು ಎಳೆದುಕೊಳ್ಳುತ್ತಾ, "'ಇನ್ಮೇಲೆ ನಿನ್ನ ಅಡುಗೆಗೆ ಹೆಸರಿಡಲ್ಲ ಕಣೇ. ನನ್ನ ತಟ್ಟೆ ನಾನೇ ತೊಳ್ಕೋತೀನಿ. ನಮ್ಮಮ್ಮ ನಿನಗೇನಾದ್ರೂ ಅಂದ್ರೆ ನಿನ್ನ ಪರವಾಗಿ ಎದ್ದು ನಿಂತ್ಕೋತೀನಿ...' ಆ ಹೆಂಗಸು ಎಲ್ಲಾ ಕೇಳಿಸ್ಕೊಂಡು, ಮೆಲ್ಲಗೆ ಹೊದಿಕೆ ಸರಿಸಿ..."

ಅಷ್ಟರಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆಯೊಳಗೆ ಚಳಕ್ ಅಂದಿತು. ಬೆಚ್ಚಗೆ ಒದ್ದೆಯಾಯಿತು. ನೋಡಿದರೆ ಕೆಂಪು ಬೆರೆತ ಹಳದಿ ನೀರು, ಹಾಸಿಗೆಯೆಲ್ಲ.

ಆಸ್ಪತ್ರೆಯಲ್ಲಿ ಗಾಯವನ್ನು ಪೂರ್ತಿ ತೆರೆದು ತೊಳೆದರು. ಚರ್ಮ, ಅದರ ಕೆಳಗಿನ ಕೊಬ್ಬು ಎರಡೂ ಬಿಟ್ಟಿವೆ. ಅದರ ಕೆಳಗಿನ ಗಟ್ಟಿ ಪದರ ಬಿಟ್ಟಿಲ್ಲ, ಅದೊಂದು ಪುಣ್ಯ. ಕೀವಿರುವುದರಿಂದ ಈಗಲೇ ಹೊಲಿಯುವ ಹಾಗಿಲ್ಲವಂತೆ. ದಿನಾ ತೊಳೆದು, ಒಳಗೆ ಬಟ್ಟೆ ತುಂಬಿ, ತಳದಿಂದ ಕೆಂಪಗೆ ಮಾಂಸ ತುಂಬಿಕೊಂಡು ಬಂದ ಮೇಲೆ ಎರಡನೇ ಸಲ ಹೊಲಿಗೆ. ಸೋಂಕು ಆ ಪದರವನ್ನೂ ದಾಟಿ ಒಳಗಿಳಿದರೆ ಮಾತ್ರ ಹೊಟ್ಟೆಯನ್ನೇ ಮತ್ತೆ ತೆರೆಯಬೇಕಾಗುತ್ತದೆ ಅಂದರು.

"ಹೇಗಾಯ್ತು ಇದು?" ಎಂದು ಕೇಳಿದರು ಡಾಕ್ಟರಮ್ಮ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಾನು ನಗಿಸಿಬಿಟ್ಟೆ ಡಾಕ್ಟ್ರೇ. ನನ್ನ ಹಾಳು ಬಾಯಿ," ಅಂದರು.

ನಾನು ಸುಮ್ಮನಿದ್ದೆ.

ಮಾರ್ಚ್ 4, ಮಂಗಳವಾರ

ಪಟ್ಟಿ ಕಟ್ಟುವುದನ್ನು ಯಾರು ಕಲಿಯುತ್ತೀರಿ ಎಂದು ನರ್ಸಮ್ಮ ಕೇಳಿದರು. ನಮ್ಮವರು ಗಾಯ ನೋಡಿದ ಕೂಡಲೇ ಬೆಳ್ಳಗಾಗಿ ಗೋಡೆ ಹಿಡಿದುಕೊಂಡರು. ಕೊನೆಗೆ ಅವರನ್ನೇ ಕೂರಿಸಿ ನೀರು ಕೊಡಬೇಕಾಯಿತು. ಅತ್ತೆ ತೋಳು ಮಡಿಸಿ ಮುಂದೆ ಬಂದರು.

ಇಂದು ಮನೆಯಲ್ಲಿ ಮೊದಲ ಸಲ. ಮೊಣಕೈವರೆಗೆ ಸೋಪು ಹಾಕಿ ಎರಡೆರಡು ಸಲ ಕೈ ತೊಳೆದರು. ಹಳೆ ಬಟ್ಟೆಯನ್ನು ಸಲೈನ್‌ನಲ್ಲಿ ನೆನೆಸಿ, ಒಂದೊಂದೇ ಸುತ್ತು ಬಿಡಿಸಿ ತೆಗೆದರು. ಹೊಸದನ್ನು ನೆನೆಸಿ ಹಿಂಡಿ, ಇಕ್ಕಳದಿಂದ ಮೂಲೆ ಮೂಲೆಗೆ ಸೇರಿಸಿದರು. ನಾನು ಛಾವಣಿ ನೋಡುತ್ತಿದ್ದೆ. ಗಾಯವನ್ನು ನಾನಿನ್ನೂ ನೋಡಿಲ್ಲ, ನೋಡುವುದೂ ಇಲ್ಲ.

"ನೋವಾಯ್ತೇನಮ್ಮ?" ಅಂದರು ಮುಗಿಸಿದ ಮೇಲೆ.

ಇಡೀ ಹೊತ್ತಿನಲ್ಲಿ ಅಷ್ಟೇ ಮಾತು. ಅದೂ "ಅಮ್ಮ". ಮದುವೆಯಾಗಿ ಬಂದ ತಿಂಗಳಲ್ಲೇ ಅತ್ತೆ ನನಗೆ ಗೆರೆಯಮ್ಮ ಎಂದು ಹೆಸರಿಟ್ಟಿದ್ದಾರೆ. ಪ್ಯಾಂಟಿನ ಗೆರೆ ಕೂದಲೆಳೆ ಆಚೀಚೆಯಾದರೂ ನಾನು ಮತ್ತೆ ನೀರು ಚಿಮುಕಿಸಿ ಇಸ್ತ್ರಿ ಹಾಕುತ್ತೇನೆ, ಅದಕ್ಕೆ. ಬೀದಿಯವರೆಲ್ಲ ಅದೇ ಹೆಸರು ಹಿಡಿದಿದ್ದಾರೆ. ನನಗೆ ಆ ಹೆಸರು ಕಂಡರಾಗುವುದಿಲ್ಲ.

ಮಾರ್ಚ್ 6, ಗುರುವಾರ

ಪಟ್ಟಿ ನೆನೆದದ್ದು ಅಂಗೈಯಗಲ. ಜ್ವರ ನೂರು.

ಇಲ್ಲಿ ಬರೆಯುತ್ತೇನೆ. ಇಲ್ಲಿ ಮಾತ್ರ.

ಶನಿವಾರ, ಅಂದರೆ ಗಾಯ ಬಿಡುವ ಹಿಂದಿನ ದಿನ, ನಮ್ಮವರು ಒಗೆದ ಬಟ್ಟೆ ತರಲು ಹೊರಗೆ ಹೋಗಿದ್ದರು. ಅತ್ತೆ ಹಿತ್ತಲಲ್ಲಿದ್ದರು. ನಾನು ನೀರು ಕುಡಿಯಲು ಎದ್ದವಳು ಮುಂದಿನ ಕೋಣೆಗೆ ಇಣುಕಿದೆ. ಮೇಜಿನ ಮೇಲೆ ಗಣಿತದ ಮೇಷ್ಟರ ಕಪ್ಪು ಪ್ಯಾಂಟು ಇತ್ತು. ನಮ್ಮವರು ಹಾಕಿದ ಇಸ್ತ್ರಿ. ಬಲಗಾಲಿಗೆ ಎರಡು ಗೆರೆ! ಒಂದು ಹಳೆಯದು, ಅದರ ಪಕ್ಕದಲ್ಲೇ ರೈಲು ಹಳಿಯ ಹಾಗೆ ಇನ್ನೊಂದು. ಮೇಷ್ಟರು ಅದನ್ನು ಹಾಕಿಕೊಂಡು ಐವತ್ತು ಮಕ್ಕಳ ಮುಂದೆ ನಿಲ್ಲುತ್ತಾರೆ. ನಮ್ಮ ಅಂಗಡಿಯ ಮಾನ ಏನಾಗಬೇಕು?

ಪೆಟ್ಟಿಗೆಯಲ್ಲಿ ಕೆಂಡ ಇನ್ನೂ ಇತ್ತು. ಮಾವನ ಕಾಲದ ಪೆಟ್ಟಿಗೆ, ಏಳು ಕಿಲೋ. ಎತ್ತಿದೆ. ಒಂದೇ ಒಂದು ಪ್ಯಾಂಟು, ಒಂದೇ ಕಾಲು. ಪೆಟ್ಟಿಗೆ ಕೆಳಗಿಡುವಾಗ ಹೊಟ್ಟೆಯ ಒಂದು ಬದಿ ಎಳೆದ ಹಾಗಾಯಿತು. ಏನಿಲ್ಲ ಅಂದುಕೊಂಡು ಬಂದು ಮಲಗಿದೆ. ಗೆರೆ ಚೆನ್ನಾಗಿ ಕೂತಿತ್ತು ಎಂಬ ಸಂತೋಷ ಬೇರೆ.

ಮೂರು ತಿಂಗಳು ನೀರಿನ ಬಿಂದಿಗೆ ಕೂಡ ಎತ್ತಬೇಡ ಎಂದಿದ್ದರು ಡಾಕ್ಟರಮ್ಮ. ನಮ್ಮವರು ನನ್ನ ಕೈ ಹಿಡಿದು ಬೇಡಿಕೊಂಡಿದ್ದರು. ನನ್ನ ಗಾಯಕ್ಕೆ ಕಾರಣ ನಾನೇ, ಅತ್ತೆಯ ಕತೆಯಲ್ಲ. ಇಂದು ಹೇಳೋಣ ಅಂದುಕೊಂಡೆ. ಅತ್ತೆ ಪಟ್ಟಿ ಕಟ್ಟುತ್ತಿದ್ದರು, ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ತುಟಿ ಬಿಗಿಹಿಡಿದು. ಹೇಳಲಾಗಲಿಲ್ಲ. ನಾಳೆ ಹೇಳುತ್ತೇನೆ.

ಮಾರ್ಚ್ 9, ಭಾನುವಾರ

ಹೇಳಲಿಲ್ಲ.

ಮನೆ ಎಷ್ಟು ಸದ್ದಿಲ್ಲದೆ ಇದೆಯೆಂದರೆ ಮುಂದಿನ ಕೋಣೆಯಲ್ಲಿ ನಮ್ಮವರು ಬಟ್ಟೆಗೆ ನೀರು ಚಿಮುಕಿಸುವುದು ಇಲ್ಲಿಗೆ ಕೇಳುತ್ತದೆ. ಬೇಡಿಕೊಂಡದ್ದು ಸಿಕ್ಕಿತು. ತಗೋ, ಅನುಭವಿಸು.

ಬೆಳಿಗ್ಗೆ ಮೇಷ್ಟರು ಬಟ್ಟೆ ಕೊಡಲು ಬಂದವರು, "ಏನ್ ಅಜ್ಜಿ, ಇವತ್ತು ಯಾವ ಕತೆ?" ಎಂದು ಕೇಳಿದರು. "ಕತೆ ಎಲ್ಲಾ ಮುಗೀತಪ್ಪ," ಅಂದರಂತೆ ಅತ್ತೆ. ನಮ್ಮವರು ಹೇಳಿದರು. "ಅಮ್ಮನಿಗೆ ಮೈ ಹುಷಾರಿಲ್ವೇನೋ, ನೀನೊಂದ್ಸಲ ಕೇಳು" ಎಂದೂ ಅಂದರು. ನಾನು ತಲೆಯಾಡಿಸಿದೆ.

ಭಾನುವಾರವಾದ್ದರಿಂದ ಅತ್ತೆ ತಮ್ಮ ಒಗೆದ ಬಟ್ಟೆಗಳನ್ನು ಮಡಿಸಿ ಹಾಸಿಗೆಯ ಕೆಳಗೆ ಇಡುತ್ತಿದ್ದರು. ಅದು ಅವರ ಇಸ್ತ್ರಿ. ಮಾವ ಇರುವವರೆಗೆ ಅತ್ತೆಯ ಬಟ್ಟೆಗೆ ಮಾವನೇ ಇಸ್ತ್ರಿ ಹಾಕುತ್ತಿದ್ದರು, ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಮಾವ ಹೋಗಿ ಒಂಬತ್ತು ವರ್ಷವಾಯಿತು. ನಾನು ಎಷ್ಟು ಸಲ ಕೇಳಿದರೂ "ನಂದು ಬಿಡು" ಅನ್ನುತ್ತಾರೆ. ಬೀದಿಯವರೆಲ್ಲ ಹೊಗಳುವ ನನ್ನ ಕೈ ಅವರೊಬ್ಬರಿಗೆ ಹಿಡಿಸಲಿಲ್ಲ ಎಂದು ಒಂಬತ್ತು ವರ್ಷದಿಂದ ನನಗೆ ಹೊಟ್ಟೆಯಲ್ಲಿ ಉರಿ.

ಮಾರ್ಚ್ 12, ಬುಧವಾರ

ಬೆಳಿಗ್ಗೆ ಜ್ವರ ನೂರಾ ಎರಡು. ಹಲ್ಲು ಕಟಕಟ. ನಮ್ಮವರು ಅಂಗಡಿ ಮುಚ್ಚಿ ಆಟೋ ತಂದರು.

ಗಾಯದ ಒಂದು ತುದಿಯಲ್ಲಿ ಮೇಲಿನ ಚರ್ಮ ಅವಸರಕ್ಕೆ ಕೂಡಿಕೊಂಡುಬಿಟ್ಟಿತ್ತಂತೆ. ಒಳಗೆ ಪೊಳ್ಳು, ಅದರಲ್ಲಿ ಕೀವು. ಡಾಕ್ಟರಮ್ಮ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬೆರಳು ಹಾಕಿ ಮತ್ತೆ ತೆರೆದರು. ಇಂಜೆಕ್ಷನ್ ಹೆಸರಿಗೆ ಮಾತ್ರ. ನಾನು ಕಿರುಚಿದೆ. ಕೈಗೆ ಸಿಕ್ಕಿದ್ದನ್ನು ಹಿಡಿದು ಹಿಸುಕಿದೆ. ಮುಗಿದ ಮೇಲೆ ನೋಡಿದರೆ ಅತ್ತೆಯ ಮುಂಗೈ. ನನ್ನ ಉಗುರು ನಾಲ್ಕು ಕಡೆ ಇಳಿದಿತ್ತು.

"ನಾನು ಸರಿಯಾಗಿ ತುಂಬಲಿಲ್ವೇನೋ ಡಾಕ್ಟ್ರೇ," ಅಂದರು ಅತ್ತೆ. ಅದನ್ನೂ ತಮ್ಮ ತಲೆಗೇ ಹಾಕಿಕೊಂಡರು.

"ನೀವು ತುಂಬಿದ್ದು ಚೆನ್ನಾಗೇ ಇದೆ ಅಜ್ಜಿ. ನಮ್ಮ ನರ್ಸ್‌ಗಳಿಗೆ ನೀವೇ ಬಂದು ಕಲಿಸ್ಬೇಕು," ಅಂದರು ಡಾಕ್ಟರಮ್ಮ.

ಬೇರೆ ದಿನವಾಗಿದ್ದರೆ ಇಷ್ಟು ಹೊಗಳಿಕೆಗೆ ಅತ್ತೆ ಆಸ್ಪತ್ರೆಯ ಗೇಟಿನ ತನಕ ಕತೆ ಕಟ್ಟುತ್ತಿದ್ದರು. ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಟೋದಲ್ಲಿ ಸುಮ್ಮನೆ ಕೂತರು. ಈಗ ಜ್ವರ ಇಳಿದಿದೆ. ಔಷಧಿ ಬದಲಾಯಿಸಿದ್ದಾರೆ.

ಮಾರ್ಚ್ 15, ಶನಿವಾರ

ಜ್ವರ ಇಲ್ಲ. ಪಟ್ಟಿ ನೆನೆದದ್ದು ಕೋಟಿನ ಗುಂಡಿಯಷ್ಟು. ಮುಂದಿನ ಹಾಳೆಯಲ್ಲಿಯೂ ಹಾಗೆಯೇ ಬರೆದಿದ್ದೇನೆ. ನರ್ಸಮ್ಮನಿಗೆ ಅರ್ಥವಾಗುತ್ತದೆ, ಅವರ ಮೇಲಂಗಿಗೂ ಗುಂಡಿಯಿದೆ.

ಇಂದು ಗಾಯ ನೋಡಿದೆ. ಅತ್ತೆ ಪಟ್ಟಿ ಬಿಚ್ಚಿದವರು ಅಲ್ಲೇ ನಿಂತು ಬಗ್ಗಿ ಬಗ್ಗಿ ನೋಡುತ್ತಿದ್ದರು. ಏನಾಯಿತೋ ಎಂದು ನಾನೂ ತಲೆ ಎತ್ತಿದೆ. "ಕೆಂಪಗೆ ಬಂದಿದೆ," ಅಂದರು. ಗೋಡೆಯ ಕನ್ನಡಿ ತೆಗೆದು ತಂದು ಹಿಡಿದರು. ಹೊಕ್ಕುಳಿನ ಕೆಳಗೆ ಗೇಣುದ್ದ ಬಾಯಿ, ಒಳಗೆಲ್ಲ ದಾಳಿಂಬೆ ಕಾಳಿನಂಥ ಕೆಂಪು. ಇಷ್ಟು ದಿನ ಹೆದರಿದ್ದು ಇದಕ್ಕೇನಾ ಅನಿಸಿತು. ಅತ್ತೆ ದಿನಕ್ಕೆರಡು ಸಲ ಕೈಯಿಟ್ಟು ಬೆಳೆಸಿದ್ದು.

ಗರ್ಭಕೋಶದ ವಿಷಯ ಇಲ್ಲಿ ಬರೆದಿಲ್ಲ. ನಮಗೆ ಮಕ್ಕಳಿಲ್ಲ. ಇಪ್ಪತ್ತೆರಡು ವರ್ಷ ಯಾರೂ ಬಾಡಿಗೆಗೆ ಬರದ ಮನೆ, ಕೆಡವಿದರೆ ಹೋಯಿತು ಎಂದು ನಾನೇ ನಗೆಯಾಡಿದ್ದೆ ಆಪರೇಷನ್‌ಗೆ ಮೊದಲು. ನಮ್ಮವರು ಎದ್ದು ಹೊರಗೆ ಹೋಗಿದ್ದರು. ಅತ್ತೆಯ ಬಾಯಿಯಿಂದ ಏನೆಲ್ಲ ಬಂದಿದೆ ಈ ಮನೆಯಲ್ಲಿ: ನನ್ನ ನಡಿಗೆ, ನನ್ನ ಗೊರಕೆ, ನಮ್ಮ ಅಪ್ಪನ ಮೀಸೆ. ಆದರೆ ಮಕ್ಕಳ ಮಾತು ಒಂದು ದಿನ ಬಂದಿಲ್ಲ. ನೆಂಟರು ಎತ್ತಿದರೂ ಬೇರೆ ಕತೆಯೊಳಗೆ ಎಳೆದುಕೊಂಡು ಹೋಗುತ್ತಿದ್ದರು. ಇಷ್ಟು ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲವಲ್ಲ.

ಮಾರ್ಚ್ 17, ಸೋಮವಾರ

ಅತ್ತೆಯನ್ನು ಮಾತಾಡಿಸಲು ನಾನೇ ಕತೆ ಹೇಳಹೊರಟೆ. ಹಳೆಯ ಗಿರಾಕಿಯೊಬ್ಬರು ಜೇಬಿನಲ್ಲಿ ಹಲ್ಲುಸೆಟ್ಟು ಬಿಟ್ಟು ಅಂಗಿ ಕೊಟ್ಟದ್ದು, ನಾನು ಅದರ ಮೇಲೆ ಪೆಟ್ಟಿಗೆ ಇಟ್ಟದ್ದು. ನನಗೆ ಕತೆ ಹೇಳಲು ಬರುವುದಿಲ್ಲ. ಕೊನೆಯನ್ನು ಮೊದಲೇ ಹೇಳಿಬಿಟ್ಟೆ.

ಅತ್ತೆಯ ತುಟಿ ಒಂದಿಷ್ಟು ಅಲುಗಿತು. ಕೂಡಲೇ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಬೇಡಮ್ಮ, ನಗೋ ಮಾತು ಬೇಡ. ಹೊಲಿಗೆ ಹಾಕ್ಲಿ ಮೊದಲು," ಅಂದರು.

"ಆ ಹೆಂಗಸು ಹೊದಿಕೆ ಸರಿಸಿ ಏನಂದ್ಲು ಅತ್ತೆ?" ಎಂದು ಕೇಳಿದೆ.

"ಮರೆತುಹೋಗಿದೆ," ಅಂದರು. ಇಕ್ಕಳ ತೊಳೆಯಲು ಎದ್ದು ಹೋದರು. ಅವರು ಮರೆಯುವವರಲ್ಲ. ನನ್ನ ಮದುವೆಗೆ ಯಾರು ಯಾವ ಚಪ್ಪಲಿ ಹಾಕಿಕೊಂಡು ಬಂದಿದ್ದರು ಎಂಬುದೂ ಅವರಿಗೆ ನೆನಪಿದೆ.

ಹೇಳಬೇಕು. ಹೇಳಿದರೆ ನಮ್ಮವರು ಏನನ್ನುತ್ತಾರೋ, ಅತ್ತೆ ಏನನ್ನುತ್ತಾರೋ. ಮೊದಲ ದಿನವೇ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಈಗ ಹದಿನೈದು ದಿನದ ಸುಳ್ಳು.

ಮಾರ್ಚ್ 20, ಗುರುವಾರ

ಆಸ್ಪತ್ರೆ. ಆರು ಮಂಚದ ವಾರ್ಡು, ನನ್ನದು ಕಿಟಕಿಯ ಪಕ್ಕ. ಪರೀಕ್ಷೆಗೆ ಕಳಿಸಿದ್ದರಲ್ಲಿ ಸೋಂಕಿಲ್ಲ ಎಂದು ಬಂದಿದೆ. ನಾಳೆ ಬೆಳಿಗ್ಗೆ ಹೊಲಿಗೆ. ಹೊದಿಕೆಗೆ ಇಸ್ತ್ರಿಯೇ ಇಲ್ಲ, ನೋಡಲಾಗುವುದಿಲ್ಲ.

ನಮ್ಮವರು ಸಂಜೆ ಬಂದು ಹೋದರು. ಸ್ಟೂಲಿನ ಮೇಲೆ ಕೂತು ನನ್ನ ಪಾದ ಒತ್ತಿದರು. "ನಾಳೆ ಅಂಗಡಿ ತೆಗೆಯಲ್ಲ" ಅಂದರು. ನಾನು ತೆಗೆಯಿರಿ ಅನ್ನಲಿಲ್ಲ.

ಮಾರ್ಚ್ 21, ಶುಕ್ರವಾರ, ಸಂಜೆ

ಸೊಂಟದ ಕೆಳಗೆ ಈಗ ತಾನೇ ಜೀವ ಬರುತ್ತಿದೆ. ಮಲಗಿಯೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಆದರೂ ಇಂದೇ ಬರೆಯಬೇಕು.

ಬೆಳಿಗ್ಗೆ ತಳ್ಳುವ ಮಂಚದ ಮೇಲೆ ಮಲಗಿಸಿದರು. ಆಪರೇಷನ್ ಕೋಣೆಯ ಬಾಗಿಲಲ್ಲಿ ಡಾಕ್ಟರಮ್ಮ ಸಿಕ್ಕಿದರು. ಅತ್ತೆ ಅವರ ಮುಂದೆ ಕೈ ಮುಗಿದು ನಿಂತರು.

"ಈ ಸಲ ಗಟ್ಟಿಯಾಗಿ ಹಾಕಿ ಡಾಕ್ಟ್ರೇ. ನಾನಿನ್ನು ಇವಳನ್ನ ನಗಿಸಲ್ಲ. ನನ್ನಾಣೆ, ಇದ್ದಷ್ಟು ದಿನ ಬಾಯಿ ಬಿಡಲ್ಲ."

ಎಪ್ಪತ್ತೊಂದು ವರ್ಷದ ಕೈಗಳು. ಮುಂಗೈ ಮೇಲೆ ನನ್ನ ಉಗುರಿನ ಗುರುತು ಇನ್ನೂ ಮಾಸಿರಲಿಲ್ಲ.

"ಅವರಲ್ಲ," ಅಂದೆ. "ನಾನು ಪೆಟ್ಟಿಗೆ ಎತ್ತಿದ್ದೆ."

"ಯಾವ ಪೆಟ್ಟಿಗೆ?" ಅಂದರು ಡಾಕ್ಟರಮ್ಮ.

"ಇಸ್ತ್ರಿ ಪೆಟ್ಟಿಗೆ. ಏಳು ಕಿಲೋ. ಹಿಂದಿನ ದಿನ. ಮೇಷ್ಟ್ರ ಪ್ಯಾಂಟಿಗೆ ಎರಡು ಗೆರೆ ಬಿದ್ದಿತ್ತು."

ನಮ್ಮವರು ಗೋಡೆ ಕಡೆ ತಿರುಗಿದರು. ಅತ್ತೆ ಮುಗಿದ ಕೈಯನ್ನು ಇಳಿಸಲೇ ಇಲ್ಲ, ಹಾಗೆಯೇ ನನ್ನ ಕಡೆ ನೋಡಿದರು.

ಡಾಕ್ಟರಮ್ಮ ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿ, "ಏಳು ಕಿಲೋ ಎತ್ತಿದ್ರಾ? ಒಂಬತ್ತನೇ ದಿನಕ್ಕೆ? ಒಳಗಿನ ಪದರ ಬಿಟ್ಟಿದ್ರೆ ಕರುಳು ಕೈಗೆ ಬರ್ತಿತ್ತು, ಗೊತ್ತಾ?" ಎಂದು ಬೈದರು. ಚೆನ್ನಾಗಿಯೇ ಬೈದರು. ಆಮೇಲೆ ದನಿ ಇಳಿಸಿ, "ಆದ್ರೆ ಇದು ಬಿಟ್ಟಿದ್ದು ಅದಕ್ಕೂ ಅಲ್ಲ, ನಕ್ಕಿದ್ದಕ್ಕೂ ಅಲ್ಲ. ಕೊಬ್ಬಿನ ಕೆಳಗೆ ನೀರು ನಿಂತು ಕೀವಾಗಿತ್ತು. ಹೊಲಿಗೆ ಬಿಚ್ಚಿದ ದಿನಾನೂ ಒಳಗಿತ್ತು, ನನ್ನ ಕಣ್ಣಿಗೂ ಬೀಳಲಿಲ್ಲ. ಮರದ ದಿಮ್ಮಿ ಹಾಗೆ ಮಲಗಿದ್ರೂ ಒಂದೆರಡು ದಿನದಲ್ಲಿ ಬಾಯಿ ಬಿಡ್ತಿತ್ತು. ಇದನ್ನ ಅವತ್ತೇ ನಿಮಗೆ ಬಿಡಿಸಿ ಹೇಳ್ಬೇಕಿತ್ತು ನಾನು," ಅಂದರು.

ಬಾಗಿಲು ಮುಚ್ಚಿತು. ಅತ್ತೆಯ ಮುಖ ಹೇಗಾಯಿತು ಎಂದು ಕಾಣಲಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಹೊಟ್ಟೆಯ ಮುಂದೆ ಹಸಿರು ಪರದೆ. ಎಚ್ಚರವಾಗಿಯೇ ಇದ್ದೆ. ಅಂಚುಗಳನ್ನು ಕೆರೆದು ಹೊಸದು ಮಾಡಿದರಂತೆ, ಒಳಗೊಂದು ಸಾಲು, ಮೇಲೊಂದು ಸಾಲು ಹೊಲಿದರು, ನೀರು ನಿಲ್ಲದಿರಲು ಒಂದು ನಳಿಗೆ ಬಿಟ್ಟರು. ಎಳೆದು ಬಿಡುವುದಷ್ಟೇ ತಿಳಿಯುತ್ತಿತ್ತು, ನೋವಿಲ್ಲ. ನಾನು ಪೂರಾ ಹೊತ್ತು ಅಳುತ್ತಲೇ ಇದ್ದೆ. ಪರದೆಯ ಈಚೆ ಕೂತಿದ್ದ ನರ್ಸು ಹತ್ತಿಯಲ್ಲಿ ನನ್ನ ಕಣ್ಣು ಒರೆಸಿ, "ನೋವಾ?" ಅಂದರು. ಅಲ್ಲ ಅಂದೆ.

ಮಾರ್ಚ್ 22, ಶನಿವಾರ

ಅತ್ತೆ ಬಂದರು. ಮೊಣಕೈವರೆಗೆ ಕೈ ತೊಳೆದರು. ನನಗೆ ಗಂಜಿ ಕುಡಿಸಿದರು, ತಲೆ ಬಾಚಿದರು. ಒಂದು ಮಾತಿಲ್ಲ. ಇಷ್ಟು ದಿನದ್ದು ಬೇರೆ ಮೌನ, ಇದು ಬೇರೆ. ಬಾಚಣಿಗೆ ಎಳೆಯುವುದರಲ್ಲೇ ಗೊತ್ತಾಗುತ್ತಿತ್ತು.

"ಬೈದುಬಿಡಿ ಅತ್ತೆ," ಅಂದೆ.

"ನೀನು ಎತ್ತಿದ್ದಕ್ಕೆ ನನಗೆ ಕೋಪ ಇಲ್ಲ. ಎತ್ತದೇ ಇದ್ದಿದ್ರೆ ನೀನು ನೀನೇ ಅಲ್ಲ. ಆದ್ರೆ ಹತ್ತೊಂಬತ್ತು ದಿನ! ನಾನು ಬಾಯಿಗೆ ಬಟ್ಟೆ ತುರುಕ್ಕೊಂಡು ಓಡಾಡಿದೆ. ನಿನ್ನ ಗಾಯ ತೊಳೀವಾಗ ಪ್ರತಿ ಸಲ, ಇದು ನಾನು ಮಾಡಿದ್ದು, ಇದು ನಾನು ಮಾಡಿದ್ದು ಅಂದ್ಕೊಂಡೆ. ನೀನು ಮಲಗಿ ಛಾವಣಿ ನೋಡ್ತಿದ್ದೆ."

"ತಪ್ಪಾಯ್ತು" ಅಂದೆ. ಅತ್ತೆ ಜಡೆ ಹೆಣೆದು ಮುಗಿಸಿ, ಬಾಚಣಿಗೆಯ ಕೂದಲು ಸುತ್ತಿ ಕಿಟಕಿಯಿಂದ ಹಾಕಿ, ಪಾತ್ರೆ ತೆಗೆದುಕೊಂಡು ಹೋದರು.

ಮಾರ್ಚ್ 23, ಭಾನುವಾರ

ಗಂಜಿಯನ್ನು ನಮ್ಮವರು ತಂದರು. ಅತ್ತೆ ಬರಲಿಲ್ಲ.

ಮಾರ್ಚ್ 24, ಸೋಮವಾರ

ಮಧ್ಯಾಹ್ನ ಅತ್ತೆ ಕಂಕುಳಲ್ಲಿ ತಮ್ಮ ದಿಂಬು ಇರುಕಿಕೊಂಡು ಬಂದರು. ಸ್ಟೂಲು ಎಳೆದು ಕೂತರು. ದಿಂಬನ್ನು ನನ್ನ ಹೊಟ್ಟೆಯ ಮೇಲಿಟ್ಟು, "ಎರಡೂ ಕೈಯಲ್ಲಿ ಒತ್ತಿ ಹಿಡ್ಕೋ. ನಗು ಬಂದ್ರೆ ಇನ್ನೂ ಒತ್ತು. ನರ್ಸನ್ನ ಕೇಳ್ಕೊಂಡೇ ಬಂದಿದೀನಿ," ಅಂದರು.

ಹಿಡಿದುಕೊಂಡೆ.

"ಎಲ್ಲಿಗೆ ನಿಲ್ಲಿಸಿದ್ದೆ?"

"ಆ ಹೆಂಗಸು ಹೊದಿಕೆ ಸರಿಸಿ..."

"ಹಾಂ. ಹೊದಿಕೆ ಸರಿಸಿ, 'ಅಣ್ಣಾ, ನಿಮ್ಮ ಹೆಂಡ್ತಿ ಆಚೆ ಮಂಚದಲ್ಲಿದಾರೆ. ಆದ್ರೂ ಒಂದು ಮಾತು ಹೇಳ್ತೀನಿ. ನಿಮ್ಮಮ್ಮ ಸ್ವಲ್ಪ ಜೋರಿನವರು ಅಂತ ಕಾಣುತ್ತೆ. ಎದ್ದು ನಿಂತ್ಕೊಳ್ಳೋದು ಮಾತ್ರ ಮರೀಬೇಡಿ' ಅಂದ್ಲು."

ಪಕ್ಕದ ಮಂಚದ ಹೆಂಗಸು ಮೊದಲು ನಕ್ಕಳು. ಆಮೇಲೆ ಅವಳಾಚೆಯವಳು. ನಾನು ದಿಂಬು ಒತ್ತಿಕೊಂಡು ನಕ್ಕೆ. ನೋವಾಯಿತು, ಆದರೆ ಎಲ್ಲವೂ ಇದ್ದಲ್ಲೇ ಇತ್ತು.

"ಆಮೇಲೆ ಮಾವ ನಿಮ್ಮ ಹತ್ರ ಬಂದು ಮತ್ತೆ ಅದ್ನೆಲ್ಲಾ ಹೇಳಿದ್ರಾ?"

"ಎಲ್ಲಿ! ಬಂದು ಕಂಬದ ಹಾಗೆ ನಿಂತ್ಕೊಂಡು 'ಗಂಡಾ?' ಅಂದ್ರು. 'ಹೂಂ' ಅಂದೆ. 'ಸರಿ' ಅಂದ್ರು. ಅಷ್ಟೇ."

"ಮತ್ತೆ ಅವರು ಏನೇನ್ ಹೇಳಿದ್ರು ಅಂತ ನಿಮಗೆ ಹೇಗೆ ಗೊತ್ತು?"

ಅತ್ತೆ ಹೊದಿಕೆಯ ಸುಕ್ಕನ್ನು ಅಂಗೈಯಿಂದ ಸರಿ ಮಾಡತೊಡಗಿದರು.

"ನಾನು ಪಕ್ಕದ ಮಂಚದಲ್ಲೇ ಇದ್ನಲ್ಲ. ಮೊದಲನೇ ಮಾತಿಂದ ಕೇಳಿಸ್ತಿತ್ತು. 'ರೀ, ಇಲ್ಲಿದೀನಿ' ಅನ್ನಬಹುದಿತ್ತು. ಅಂದ್ರೆ ನಿಲ್ಲಿಸಿಬಿಡ್ತಾರಲ್ಲ, ಅದಕ್ಕೆ ಕಣ್ಮುಚ್ಚಿ ಮಲಗಿದ್ದೆ."

ವಾರ್ಡಿನಲ್ಲಿ ಯಾರೂ ನಗುತ್ತಿರಲಿಲ್ಲ ಈಗ.

"ಕೊನೇಲಿ ಒಂದು ಮಾತು ಹೇಳಿದ್ರು. ಇದನ್ನ ಯಾವ ಕತೇಲೂ ಸೇರ್ಸಿಲ್ಲ ನಾನು. 'ಊರಿನವರ ಬಟ್ಟೆಗೆಲ್ಲಾ ಇಸ್ತ್ರಿ ಹಾಕಿದೆ. ನಿನ್ನ ಒಂದು ಬಟ್ಟೆಗೆ ಪೆಟ್ಟಿಗೆ ಮುಟ್ಟಿಸಲಿಲ್ಲ ನಾನು. ಇನ್ಮೇಲೆ ನಿನ್ನ ಬಟ್ಟೆ ನಂದು' ಅಂದ್ರು. ಆ ಭಾನುವಾರದಿಂದ ಶುರು ಮಾಡಿದ್ರು. ಅಂಗಡಿ ಬಾಗಿಲು ಹಾಕಿ, ಪ್ರತಿ ಭಾನುವಾರ, ಕೊನೇ ಭಾನುವಾರದ ತನಕ. ಯಾಕೆ ಅಂತ ಅವರೂ ಹೇಳ್ಲಿಲ್ಲ, ಗೊತ್ತು ಅಂತ ನಾನೂ ಹೇಳ್ಲಿಲ್ಲ. ಹೇಳ್ಬೇಕಿತ್ತು ಅನ್ಸುತ್ತೆ ಈಗ."

ನನ್ನ ಕೈಯಲ್ಲಿ ದಿಂಬು ಒದ್ದೆಯಾಯಿತು. ಒಂಬತ್ತು ವರ್ಷ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಇದಕ್ಕಾ!

"ಅಳೋದಕ್ಕೂ ಒತ್ತಿ ಹಿಡ್ಕೋಬೇಕಾ ಅತ್ತೆ?"

"ಅದನ್ನ ನರ್ಸ್‌ನ ಕೇಳ್ಲಿಲ್ಲ ಕಣೇ ಗೆರೆಯಮ್ಮ," ಅಂದರು. ತಮ್ಮ ಕೈಯನ್ನೂ ದಿಂಬಿನ ಮೇಲಿಟ್ಟು ಒತ್ತಿ ಹಿಡಿದರು.

ಏಪ್ರಿಲ್ 6, ಭಾನುವಾರ

ಮನೆಗೆ ಬಂದು ಎಂಟು ದಿನ. ಶುಕ್ರವಾರ ಹೊಲಿಗೆ ಬಿಚ್ಚಿದರು. ಡಾಕ್ಟರಮ್ಮ ಅಂಚಿನುದ್ದಕ್ಕೂ ಬೆರಳಿಂದ ಒತ್ತಿ ಒತ್ತಿ ನೋಡಿ, ಕೂಡಿದೆ ಅಂದರು. ಆದರೂ ಎರಡು ರಾತ್ರಿ ಕಳೆಯುವ ತನಕ ನಂಬುವುದು ಬೇಡ ಅಂದುಕೊಂಡಿದ್ದೆ. ಪಟ್ಟಿ ನೆನೆದಿಲ್ಲ, ಅಂಗಿ ಗುಂಡಿಯಷ್ಟೂ ಇಲ್ಲ. ಮುಂದಿನ ಹಾಳೆಗೆ ಇನ್ನು ಕೆಲಸವಿಲ್ಲ. ಗಾಯದ ಕಲೆ ಸೊಟ್ಟಗಿದೆ, ಕೆಳತುದಿಯಲ್ಲಿ ಎಡಕ್ಕೆ ಓಡಿದೆ. ಇರಲಿ.

ಅತ್ತೆ ಬೆಳಿಗ್ಗೆಯಿಂದ ಹಿತ್ತಲಿನ ಗೋಡೆಯಾಚೆಯವರಿಗೆ ನನ್ನ ಆಪರೇಷನ್ ಕತೆ ಹೇಳುತ್ತಿದ್ದಾರೆ. ಅದರಲ್ಲಿ ಪೆಟ್ಟಿಗೆ ಹತ್ತು ಕಿಲೋ ಆಗಿದೆ. ತಿದ್ದಲು ಹೋಗಲಿಲ್ಲ.

ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿದ ಮೇಲೆ ನಮ್ಮವರನ್ನು ಕರೆದೆ. ನನಗೆ ಹಾಸಿಗೆ ಎತ್ತುವ ಹಾಗಿಲ್ಲ. ಅವರೇ ಎತ್ತಿದರು. ಕೆಳಗಿದ್ದ ಅತ್ತೆಯ ತಿಳಿನೀಲಿ ಉದ್ದ ತೋಳಿನ ರವಿಕೆ ತೆಗೆದುಕೊಟ್ಟು, ಯಾಕೆ ಎಂದು ಹೇಳಿದೆ. ಅವರು ಹುಟ್ಟಿದ ದಿನದ ಕತೆಯ ಆ ಒಂದು ಮಾತು ಅವರಿಗೂ ಗೊತ್ತಿರಲಿಲ್ಲ. ರವಿಕೆಯನ್ನು ಮೇಜಿನ ಮೇಲೆ ಹರಡಿದರು. ಆಮೇಲೆ ಹೋಗಿ ಕೆಂಡ ಊದಿದರು.

ನಾನು ಮೇಜಿನ ಪಕ್ಕ ಕುರ್ಚಿಯಲ್ಲಿ ಕೂತೆ. ಏನೂ ಹೇಳಲಿಲ್ಲ, ಹೀಗೆ ಹಿಡಿಯಿರಿ ಹಾಗೆ ಮಡಿಸಿ ಎಂದು ಬಾಯಿ ಹಾಕಲಿಲ್ಲ. ಬಲತೋಳಿಗೆ ಬರುವಾಗ ಬಟ್ಟೆ ಜಾರಿತು. ಎರಡು ಗೆರೆ ಬಿದ್ದವು. ನಮ್ಮವರು ಹೆದರಿ ನನ್ನ ಮುಖ ನೋಡಿದರು.

"ಕೊಟ್ಟು ಬನ್ನಿ," ಅಂದೆ.

ಹಿತ್ತಲಲ್ಲಿ ಅತ್ತೆಯ ಮಾತು ನಿಂತಿತು. ಆಮೇಲೆ ಅತ್ತೆ ಆ ರವಿಕೆ ತೊಟ್ಟುಕೊಂಡು ಬಾಗಿಲಿಗೆ ಬಂದರು. ಕಣ್ಣು ಕೆಂಪಗಿತ್ತು. ಬಲತೋಳು ನೀಡಿ ನನ್ನ ಮುಂದೆ ಹಿಡಿದರು.

"ನೋಡಿದ್ಯಾ ಗೆರೆಯಮ್ಮ, ನಿನ್ನ ಗಂಡನ ಕೈಕೆಲಸ?"

"ನೋಡ್ದೆ ಅತ್ತೆ."

"ಕೈ ಕಡೀತಿಲ್ವಾ?"

"ಕಡೀತಿದೆ."

"ಕಡೀಲಿ. ಮೂರು ತಿಂಗಳು ಆಗ್ಲಿ. ಆಮೇಲೆ ಭಾನುವಾರಗಳೆಲ್ಲಾ ನಿಂದು," ಅಂದರು.

ಎರಡು ಗೆರೆಯ ಆ ರವಿಕೆಯನ್ನು ಸಂಜೆಯವರೆಗೂ ಬಿಚ್ಚಲಿಲ್ಲ. ಅದನ್ನೇ ತೊಟ್ಟುಕೊಂಡು ಬೀದಿ ಬಾಗಿಲಲ್ಲಿ ಕೂತು, ಹೋಗಿ ಬರುವವರಿಗೆಲ್ಲ ಕತೆ ಹೇಳುತ್ತಿದ್ದರು.